ಒಂದು ಮೊರ ತೌಡು

ಫೋನ್ ಬಂದಾಗ ನಾನು ಕಾಲೇಜಿನ ಮೆಟ್ಟಿಲ ಮೇಲಿದ್ದೆ. ಹತ್ತುತ್ತಿದ್ದೆನೋ ಇಳಿಯುತ್ತಿದ್ದೆನೋ ಈಗ ಖಚಿತವಾಗಿ ಹೇಳಲಾರೆ. ಹತ್ತುತ್ತಿದ್ದೆ ಎಂದು ಹೆಂಡತಿಗೆ ಹೇಳಿದ್ದೇನೆ. ಆಮೇಲೆ ತಂಗಿಗೆ ಹೇಳುವಾಗ ಇಳಿಯುತ್ತಿದ್ದೆ ಅಂದೆನಂತೆ. ಮೆಟ್ಟಿಲ ವಿಷಯ ಹೋಗಲಿ. ಆಡಿದ ಮಾತುಗಳು ಮಾತ್ರ ಸರಿಯಾಗಿವೆ, ಏಕೆಂದರೆ ಅಲ್ಲೇ ಗೋಡೆಗೆ ಒರಗಿ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಅವನ್ನು ಬರೆದುಕೊಂಡೆ. ನನ್ನ ನೆನಪನ್ನು ನಾನು ನಂಬುವುದು ಬಿಟ್ಟು ಬಹಳ ದಿನವಾಗಿದೆ.

ಫೋನ್ ಮಾಡಿದವಳು ದಾವಣಗೆರೆಯ ಆಸ್ಪತ್ರೆಯಲ್ಲಿ ರಕ್ತದಾನಿಗಳ ಕಾಗದಪತ್ರ ನೋಡಿಕೊಳ್ಳುವ ಹುಡುಗಿ. ನನ್ನ ತಂಗಿ ಅಲ್ಲಿ ಎರಡು ವಾರದಿಂದ ಮಲಗಿದ್ದಳು.

"ಸರ್, ಒಂದು ಸಣ್ಣ ತೊಂದರೆ. ನಿಮ್ಮ ತಾಯಿ ಬೆಳಿಗ್ಗೆ ನಮ್ಮ ಹತ್ರ ಮಾತಾಡಿದ್ರು. ಪೇಷೆಂಟ್ ಅವರ ಮಗಳಲ್ಲವಂತೆ."

"ಯಾರು ಹೇಳಿದ್ದು?"

"ನಿಮ್ಮ ತಾಯೀನೇ ಸರ್."

"ಏನಂದ್ರು, ಅವರ ಮಾತಿನಲ್ಲೇ ಹೇಳಿ."

ಕಾಗದ ಸರಿದ ಸದ್ದು. ಅವಳು ಶಾಲೆಯ ಮಗುವಿನಂತೆ ಓದಿದಳು: "'ಅವಳು ನಮ್ಮ ಹುಡುಗಿ ಅಲ್ಲಮ್ಮ. ಪಕ್ಕದ ಮನೆಯೋರದ್ದು. ನಾನು ಸಾಕೀನಿ ಅಷ್ಟೆ.' ಎರಡು ಸಲ ಕೇಳಿ ಬರ್ಕೊಂಡೆ ಸರ್. ಅಣ್ಣ-ತಂಗಿ ಅಂತ ನಿಮ್ಮ ಸ್ಯಾಂಪಲ್ ಕಳಿಸ್ಬೇಕಿತ್ತು. ಈ ಹೇಳಿಕೆ ಫೈಲಿನಲ್ಲಿ ಇರೋವರೆಗೆ ಕಳಿಸೋಕಾಗಲ್ಲ. ಯಾವ ಚಿಕಿತ್ಸೆ ಅಂತ ಡಾಕ್ಟ್ರು ಶನಿವಾರ ನಿರ್ಧಾರ ಮಾಡ್ತಾರೆ."

ಅಂದು ಮಂಗಳವಾರ.

ತಂಗಿಗೆ ಬಂದದ್ದೇನೆಂದು ಮೊದಲು ಹೇಳಬೇಕು. ಅವಳು ಹರಿಹರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು, ಮೂವತ್ತಾರು ವರ್ಷ. ಬೇಸಿಗೆ ರಜೆಯಲ್ಲಿ ಅವಳ ಮುಂಗೈ ಮೇಲೆ ಬಳೆ ಒತ್ತಿದ ಕಡೆಯೆಲ್ಲ ನೀಲಿ ಉಂಗುರ ಮೂಡಿತ್ತು. ಹಲ್ಲು ಉಜ್ಜಿದರೆ ವಸಡಿನಲ್ಲಿ ರಕ್ತ. ಬಿಸಿಲು ಅಂದಳು, ಉಪವಾಸ ಅಂದಳು. ಆಮೇಲೆ ಎರಡು ಮೆಟ್ಟಿಲು ಹತ್ತಿದರೆ ಕೂರಬೇಕಾಯಿತು. ಮೂಳೆಯೊಳಗಿನ ಮಜ್ಜೆ ತೆಗೆದು ನೋಡಿದಾಗ ಅದು ಖಾಲಿಯಾಗಿತ್ತು. ರಕ್ತ ಹುಟ್ಟಬೇಕಾದ ಜಾಗದಲ್ಲಿ ಕೊಬ್ಬು ಕೂತಿತ್ತು. ಹೊರಗಿನ ಯಾವ ಕ್ರಿಮಿಯೂ ಅದನ್ನು ತಿಂದಿರಲಿಲ್ಲ. ಅವಳನ್ನು ಕಾಯಬೇಕಾದ ಕೋಶಗಳೇ ಅವಳ ಮಜ್ಜೆಯನ್ನು ಪರಕೀಯವೆಂದು ತಿಳಿದು ಮುಗಿಸಿದ್ದವು.

ಇದನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಪ್ರಾಣಿಶಾಸ್ತ್ರ ನನ್ನ ವಿಷಯ. ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳೂ ತಮ್ಮೊಳಗಿನ ಪ್ರೋಟೀನಿನ ಚೂರುಗಳನ್ನು ಹೊರಮೈಯಲ್ಲಿ ಒಂದು ಹಿಡಿಕೆಗೆ ಸಿಕ್ಕಿಸಿ ತೋರಿಸುತ್ತಿರುತ್ತವೆ. ಟಿ ಕೋಶಗಳು ಮನೆಮನೆಗೆ ಬರುವ ತಪಾಸಣೆಯವರ ಹಾಗೆ ಆ ಚೂರನ್ನು ಮುಟ್ಟಿ ನೋಡುತ್ತಾ ಹೋಗುತ್ತವೆ. ಪರಿಚಿತ ಚೂರಾದರೆ ಮುಂದಿನ ಮನೆ. ವೈರಸ್ಸಿನ ಚೂರು ಕಂಡರೆ ಆ ಕೋಶವನ್ನೇ ಕೊಲ್ಲುತ್ತವೆ. ಪರಿಚಿತ ಯಾವುದು ಎಂಬುದನ್ನು ಅವು ಎಳವೆಯಲ್ಲಿ ಎದೆಮೂಳೆಯ ಹಿಂದಿರುವ ಥೈಮಸ್ ಎಂಬ ಗ್ರಂಥಿಯಲ್ಲಿ ಕಲಿಯುತ್ತವೆ. ಅಲ್ಲಿ ಸ್ವಂತ ಚೂರನ್ನು ಕಚ್ಚಲು ಹೋದವು ಅಲ್ಲೇ ಸಾಯಬೇಕು. ಪಾಸಾಗಿ ಹೊರಬರುವವು ಬಹಳ ಕಡಿಮೆ ಎಂದಾಗ ಹಿಂದಿನ ಬೆಂಚು ನಗುತ್ತದೆ. ಹೇಗೋ ನುಸುಳಿ ಪಾಸಾದವೂ ಇರುತ್ತವೆ ಎಂದು ನಾನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತಿದ್ದೆ. ಆ ಒಂದು ಸಾಲು ಈಗ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿತ್ತು.

ಆ ಹಿಡಿಕೆಯ ಆಕಾರ ಒಬ್ಬರದಿದ್ದಂತೆ ಇನ್ನೊಬ್ಬರದಿರುವುದಿಲ್ಲ. ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತದೆ. ಒಡಹುಟ್ಟಿದವರಲ್ಲಿ ಎರಡು ಅರ್ಧವೂ ಒಂದೇ ಆಗಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆ ಹೊಂದಿದರೆ ನನ್ನ ಮಜ್ಜೆಯನ್ನು ಅವಳಿಗೆ ಹಾಕಬಹುದು, ಅವಳ ವಯಸ್ಸಿಗೆ ಅದೇ ಮೊದಲ ದಾರಿ ಎಂದು ಡಾಕ್ಟರು ಹೇಳಿದ್ದರು. ಇಲ್ಲದಿದ್ದರೆ ಕುದುರೆಯ ರಕ್ತದಿಂದ ತೆಗೆದ ಒಂದು ಔಷಧಿ ಇದೆ, ಅದು ಕೆಲಸ ಮಾಡಲು ತಿಂಗಳುಗಳು ಬೇಕು, ಮಾಡದೆಯೂ ಇರಬಹುದು. ಕಾಯುವಷ್ಟು ದಿನವೂ ಅವಳಿಗೆ ಬೇರೆಯವರ ರಕ್ತ ಏರಿಸಬೇಕು. ಏರಿಸಿದ ಪ್ರತಿ ಚೀಲವೂ ಅವಳ ಕೋಶಗಳಿಗೆ ಇನ್ನೊಬ್ಬ ಅಪರಿಚಿತನ ಗುರುತು ಕಲಿಸುತ್ತದೆ, ಮುಂದೆ ನನ್ನ ಮಜ್ಜೆ ಹೋದಾಗ ಅವು ಅದನ್ನು ಒದ್ದು ಹೊರಹಾಕುವ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ ನಾನು ಚೀಲ ಎಣಿಸುತ್ತಿದ್ದೆ. ಆ ಮಂಗಳವಾರಕ್ಕೆ ಆರು ಆಗಿತ್ತು.

ನನ್ನನ್ನು ತಣ್ಣಗಾಗಿಸಿದ್ದು ಅವ್ವನ ಮಾತೊಂದೇ ಅಲ್ಲ. ಆ ಮಾತು ನನ್ನ ಒಂದು ನೆನಪಿಗೆ ಹೋಗಿ ತಾಗಿತ್ತು. ನಾನು ಮೊರದಲ್ಲಿ ಕೂತಿದ್ದೇನೆ. ಕಿವಿಯೊಳಗೆ, ಕೂದಲಲ್ಲಿ ತೌಡು. ನೀಲಿ ಸುಣ್ಣದ ಒಂದು ಗೋಡೆ. ಗೋಡೆಯ ಆಚೆಯಿಂದ ಹಸಿರು ಬಳೆಯ ಎರಡು ಕೈ ಚಾಚುತ್ತವೆ. ನನ್ನನ್ನು ಎತ್ತಿಕೊಳ್ಳುತ್ತವೆ. ನಮ್ಮ ಕಡೆ ಹುಟ್ಟಿದ ಮಕ್ಕಳು ಉಳಿಯದಿದ್ದರೆ ಆಮೇಲೆ ಹುಟ್ಟಿದ್ದನ್ನು ಮೊರದಲ್ಲಿ ಮಲಗಿಸಿ ಪಕ್ಕದ ಮನೆಗೆ ತೌಡಿಗೆ ಮಾರುತ್ತಿದ್ದರು. ಸಾವು ಬಂದು ಹುಡುಕಿದರೆ ಈ ಮನೆಯ ಮಗು ಈ ಮನೆಯಲ್ಲಿ ಇರುವುದಿಲ್ಲ, ಇರುವುದು ಪಕ್ಕದ ಮನೆಯದು. ನನ್ನನ್ನು ಹಾಗೆ ಮಾರಿದ್ದರು ಎಂದು ನಂಬಿದ್ದೆ. ತರಗತಿಯಲ್ಲಿ ವರ್ಷವೂ ಹೇಳುತ್ತಿದ್ದೆ: ಸಾವಿಗೆ ಟಿ ಕೋಶದಷ್ಟು ಬುದ್ಧಿ ಇಲ್ಲ, ಒಂದು ಮೊರ ತೌಡಿಗೆ ಮೋಸ ಹೋಗುತ್ತದೆ, ದೇಹದಲ್ಲಿ ಮಾತ್ರ ಈ ಆಟ ನಡೆಯುವುದಿಲ್ಲ, ಮನೆಯ ಗುರುತನ್ನು ಮುಚ್ಚಿಟ್ಟುಕೊಂಡ ಕೋಶವನ್ನು ಮುಚ್ಚಿಟ್ಟ ಕಾರಣಕ್ಕೇ ಕೊಲ್ಲುವ ಇನ್ನೊಂದು ಜಾತಿಯ ಕೋಶಗಳಿವೆ. ಮಕ್ಕಳು ಬರೆದುಕೊಳ್ಳುತ್ತಿದ್ದರು.

ಈಗ ಅವ್ವ ಹೇಳುತ್ತಿರುವುದು ತಂಗಿಯ ಬಗ್ಗೆ. ಒಂದೋ ಅವ್ವನದು ಸುಳ್ಳು, ಇಲ್ಲ ನನ್ನ ನೆನಪು ಸುಳ್ಳು. ಎರಡೂ ನಿಜವಾದರೆ ನಮ್ಮಿಬ್ಬರಲ್ಲಿ ಯಾರು ಯಾರ ಮಕ್ಕಳು?

ಅವ್ವ ನಮ್ಮ ಮನೆಯಲ್ಲೇ, ದಾವಣಗೆರೆಯಲ್ಲಿರುತ್ತಾಳೆ. ಎಪ್ಪತ್ತು ದಾಟಿದೆ. ಸಂಜೆ ಹೋದಾಗ ಹಿತ್ತಲ ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.

"ಅವ್ವ, ಆಸ್ಪತ್ರೆಯಾಗ ಏನಂದೆ?"

"ಇದ್ದದ್ದು ಅಂದೆ."

"ತಂಗಿ ನಿನ್ನ ಮಗಳಲ್ಲ ಅಂದ್ಯಂತೆ."

"ಮೆಲ್ಲಗೆ ಮಾತಾಡು."

"ಇಲ್ಲಿ ಯಾರು ಕೇಳ್ತಾರೆ?"

"ಕೇಳೋನು ಹೇಳಿ ಬರ್ತಾನೇನು?" ಅವಳು ಸೊಪ್ಪಿನ ಬೇರು ಮುರಿದು ಆಚೆ ಎಸೆದಳು. "ಅಲ್ಲಿ ಮಂಚಕ್ಕೊಂದು ಜೀವ ಮಲಗೈತೆ. ಅವನು ಓಡಾಡೋ ಜಾಗ ಅದು. ಅಲ್ಲಿ ನಿಂತು ನನ್ನ ಮಗಳು, ನನ್ನ ಮಗಳು ಅಂತ ಕೂಗ್ಲೇನು?"

"ಮೊರದಾಗ ಹಾಕಿ ಮಾರಿದ್ದು ನನ್ನನ್ನ ಅಲ್ವಾ?"

ಅವ್ವ ತಲೆ ಎತ್ತಿ ನನ್ನನ್ನು ಗುರುತು ಸಿಗದವಳ ಹಾಗೆ ನೋಡಿದಳು. "ನಿನ್ನನ್ನ ಯಾಕ ಮಾರ್ಲಿ? ಗುಂಡುಕಲ್ಲು ಇದ್ದಂಗಿದ್ದೆ. ನೀನು ಹುಟ್ಟಿದ ಮೇಲೆ ಎರಡು ಕೂಸು ಹೋದವಲ್ಲ, ಅದಕ್ಕ ಇವಳನ್ನ ಕೊಟ್ಟಿದ್ದು. ಕೊಟ್ಟಿದ್ದನ್ನ ವಾಪಸ್ ತಗೊಂಡಿಲ್ಲ. ಮದುವ್ಯಾಗ ತಗೋಬೇಕಿತ್ತು, ನಿಮ್ಮಪ್ಪ ಅದೆಲ್ಲ ಬ್ಯಾಡ ಅಂದ್ರು. ಹಂಗಾಗಿ ಅವಳು ಇನ್ನೂ ಖಾಲಾನ ಮಗಳೇ. ನಾನೇನು ಸುಳ್ಳು ಹೇಳೀನಿ?"

ಖಾಲಾ ಎಂದರೆ ಹರಿಹರದಲ್ಲಿ ನಮ್ಮ ಹಳೆಯ ಮನೆಯ ಪಕ್ಕದವರು. ಅವರ ಉರ್ದುವಿನಲ್ಲಿ ಅದು ಚಿಕ್ಕಮ್ಮ; ಅವರ ತಂಗಿಯ ಮಕ್ಕಳು ಕರೆಯುವುದನ್ನು ಕೇಳಿ ನಾವೂ ಹಾಗೇ ಕರೆದೆವು.

"ಹುಟ್ಟಿದ್ದು ನಿನ್ನ ಹೊಟ್ಟೆಯಾಗ ತಾನೆ?"

ಅವಳು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಮನೆಯಲ್ಲಿ ಈ ಮಾತು ಎಂದೂ ಆಡದೆ ಇದ್ದದ್ದು ಏಕೆಂದು ಆಗ ಹೊಳೆಯಿತು. ಬಾಯಿ ಬಿಟ್ಟರೆ ಮಾಡಿದ್ದು ಕೆಡುತ್ತದೆ. ಅಪ್ಪ ಇರುವವರೆಗೆ ಡಾಕ್ಟರ ಹತ್ತಿರ ಮಾತಾಡುತ್ತಿದ್ದವರು ಅಪ್ಪ. ಅವ್ವ ಬಾಗಿಲ ಹೊರಗೆ ನಿಂತಿರುತ್ತಿದ್ದಳು. ಅಂಜುಬುರುಕಿ ಎಂದುಕೊಂಡಿದ್ದೆ.

ಮರುದಿನ ತಂಗಿಯದೂ ನನ್ನದೂ ಶಾಲೆಯ ದಾಖಲೆ, ಹಳೆಯ ರೇಷನ್ ಕಾರ್ಡಿನ ಪ್ರತಿ ಎಲ್ಲ ಹಿಡಿದು ಆಸ್ಪತ್ರೆಗೆ ಹೋದೆ. ಆ ಹುಡುಗಿ ಒಂದೊಂದನ್ನೇ ನೋಡಿ ಜೋಡಿಸಿ ವಾಪಸ್ ಕೊಟ್ಟಳು.

"ಸಾಕಿದ ಮಕ್ಕಳಿಗೂ ಅಪ್ಪ-ಅಮ್ಮನ ಹೆಸರು ಇದೇ ಇರುತ್ತಲ್ಲ ಸರ್. ತಾಯಿ ಹೇಳಿಕೆಯನ್ನ ತಾಯೀನೇ ಬದಲಾಯಿಸ್ಬೇಕು. ಇಬ್ಬರೂ ನನ್ನ ಮಕ್ಕಳು ಅಂತ ಒಂದು ಸಾಲು, ಒಂದು ಸಹಿ."

ರಕ್ತಕ್ಕೆ ಸಹಿ ಬೇಕಿಲ್ಲ, ಪರೀಕ್ಷೆ ಮಾಡಿದರೆ ಅದೇ ಹೇಳುತ್ತದೆ ಎಂದೆ. ಆದರೆ ಪರೀಕ್ಷೆಗೆ ಮೊದಲು ಫಾರಂ ಬರುತ್ತದೆ. ಆ ಹುಡುಗಿಯ ಮೇಲೆ ರೇಗುವಂಥದ್ದೇನೂ ಇರಲಿಲ್ಲ. ಅಪರಿಚಿತರನ್ನು ಹಿಡಿದು ತಂದು ಅಣ್ಣ ಎಂದು ನಿಲ್ಲಿಸುವವರನ್ನು ಅವಳು ಕಂಡಿರಬೇಕು.

ತಂಗಿಯ ಕೋಣೆಗೆ ಹೋಗುವಾಗ ಕೈ ತೊಳೆದೆ, ಮಾಸ್ಕ್ ಹಾಕಿದೆ, ಮತ್ತೆ ಕೈ ತೊಳೆದೆ. ಅವಳ ಬಿಳಿ ರಕ್ತಕಣಗಳು ಎಷ್ಟು ಇಳಿದಿದ್ದವೆಂದರೆ ನನ್ನ ನೆಗಡಿಯೂ ಅವಳಿಗೆ ಸಾಕಿತ್ತು. ಅವಳು ತಿದ್ದಲು ಮಕ್ಕಳ ಉತ್ತರಪತ್ರಿಕೆ ಕೇಳಿ ನರ್ಸಿನಿಂದ ಬೈಸಿಕೊಂಡಿದ್ದಳು.

"ನಾಲ್ಕರಾಗ ಒಂದು," ಅಂದಳು. "ಹತ್ತನೇ ಕ್ಲಾಸಿಗೆ ಇಷ್ಟು ಸುಲಭದ್ದು ಕೊಟ್ರೆ ಹೆಡ್ಮಾಸ್ಟ್ರು ಬೈತಾರ. ಸ್ಯಾಂಪಲ್ ಹೋಯ್ತಾ?"

"ಹೋಗ್ತೈತೆ."

"ಅವ್ವಗೆ ಏನಾಗೇತಿ? ನಿನ್ನೆ ಬಂದು ಬಾಗಿಲಲ್ಲಿ ನಿಂತು 'ಹೆಂಗಿದೀರಿ, ಊಟ ಮಾಡಿದ್ರಾ' ಅಂದ್ಲು. ಬೀಗರನ್ನ ಮಾತಾಡಿಸಿದಂಗೆ. ನರ್ಸು ಇವ್ರು ಯಾರ್ರೀ ಅಂತ ಕೇಳಿದ್ಲು."

ನಾನು ನಕ್ಕೆ. ಮಾಸ್ಕ್ ಇದ್ದದ್ದು ಒಳ್ಳೆಯದಾಯಿತು. ಕಿಟಕಿಯ ಬೆಳಕಿನಲ್ಲಿ ಅವಳ ಮುಖ ನೋಡಿದೆ. ನನ್ನ ಮೂಗು ಅಪ್ಪನದು. ಅವಳದು? ಮೂವತ್ತಾರು ವರ್ಷ ಕಂಡ ಮುಖದಲ್ಲಿ ನಾನು ಮೊದಲ ಸಲ ಗುರುತು ಹುಡುಕುತ್ತಿದ್ದೆ. ಹುಡುಕಲು ಶುರು ಮಾಡಿದ ಮೇಲೆ ಯಾವ ಮುಖವೂ ಪರಿಚಯದ್ದಾಗಿ ಉಳಿಯುವುದಿಲ್ಲ.

ಗುರುವಾರ ಎರಡು ತರಗತಿ ಬಿಟ್ಟು ಹರಿಹರದ ಬಸ್ ಹತ್ತಿದೆ. ಅರ್ಧ ಗಂಟೆಯ ದಾರಿ. ದಾರಿಯುದ್ದಕ್ಕೂ ಒಂದೇ ಯೋಚನೆ: ಖಾಲಾ ಇದ್ದಾರೆಯೇ, ಇದ್ದರೂ ನೆನಪಿದೆಯೇ, ನೆನಪಿದ್ದರೂ ಅದು ಎಷ್ಟು ಸಲ ಹೇಳಿ ತಿದ್ದಿದ ನೆನಪು?

ಹೊಳೆ ಕಡೆಯ ನಮ್ಮ ಓಣಿಯಲ್ಲಿ ನಮ್ಮ ಮನೆ ಈಗ ಬೇರೆಯವರದು. ಖಾಲಾ ತಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಮಂಜಾಗಿತ್ತು, ಕಿವಿ ಚುರುಕಿತ್ತು.

"ಬರ್ರಿ ಬರ್ರಿ, ಕಾಲೇಜ್ ಮೇಷ್ಟ್ರು. ದಾವಣಗೆರೆಗೆ ಹೋದೋರಿಗೆ ಹರಿಹರ ಬಾಳ ದೂರ ಆಗ್ತೈತೆ. ಕೂಡ್ರಿ. ಹುಡುಗಿ ಹೆಂಗದಾಳೆ?"

ಹೇಳಿದೆ. ಅವರು ತುಟಿ ಅಲುಗಿಸುತ್ತಾ ಕೇಳಿಸಿಕೊಂಡರು. ಆಮೇಲೆ ನಾನು ಆದಷ್ಟು ಸಹಜವಾಗಿ ಕೇಳಿದೆ: "ಖಾಲಾ, ಮೊರದಾಗ ಮಾರಿದ್ದು ಯಾರನ್ನ?"

"ಯಾರನ್ನ ಅಂದ್ರೆ? ಅವಳನ್ನ. ಹನ್ನೊಂದನೇ ದಿನ. ನಿಮ್ಮಜ್ಜಿ ಮೊರದಾಗ ತೌಡು ಹರವಿ, ಮೇಲೆ ಬಟ್ಟೆ ಹಾಸಿ ಮಲಗಿಸಿದ್ರು. ಆ ತೌಡು ನಮ್ಮ ಮನೇದು, ಅದೇ ರೇಟು. ಮೂರು ದಿನ ನಮ್ಮನ್ಯಾಗ ಇದ್ಲು. ನನ್ನ ಕೊನೆಯೋನು ಆವಾಗ ಕೈಗೂಸು. ಒಂದು ಕಡೆ ಅವನು, ಒಂದು ಕಡೆ ಇವಳು. ನನ್ನ ಹಾಲು ಕುಡಿದಾಳೆ ಅವಳು."

"ನಿಮ್ಮದು ಗಂಡು ಕೂಸು."

"ಹೌದಪ್ಪ, ಗಂಡು. ಯಾಕ?"

ಹಾಗಾದರೆ ಅದಲು ಬದಲಾಗಲು ಇನ್ನೊಂದು ಹೆಣ್ಣು ಕೂಸು ಇರಲಿಲ್ಲ. ನನ್ನ ತಲೆ ಅಷ್ಟರ ಮಟ್ಟಿಗೆ ಹೋಗಿತ್ತೆಂದು ಹೇಳಲು ನಾಚಿಕೆಯಾಗುತ್ತದೆ.

"ಆದ್ರೆ ನನಗೆ ಚೆನ್ನಾಗಿ ನೆನಪೈತಿ ಖಾಲಾ. ನಾನೇ ಮೊರದಾಗ ಕೂತಿದ್ದೆ. ನೀಲಿ ಗೋಡೆ. ನೀವು ಹಸಿರು ಬಳೆ ಹಾಕಿದ್ರಿ."

ಅವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಗೋಡೆ ಎಲ್ಲಿತ್ತು ಆವಾಗ? ಕಳ್ಳಿ ಬೇಲಿ ಇತ್ತು. ಬಳೆ ಎಲ್ಲಿ ಹಾಕ್ಲಿ, ಬೀಡಿ ಕಟ್ಟೋ ಕೈ. ಮೊರದಾಗ ನೀನು ಕೂತಿದ್ದೇನೋ ದಿಟ. ತಂಗಿನ ಕೊಟ್ರಲ್ಲ, ಬೇಲಿ ಹತ್ರ ನಿಂತು ನನ್ನನ್ನೂ ಮಾರ್ರಿ, ನನ್ನನ್ನೂ ಮಾರ್ರಿ ಅಂತ ಓಣಿ ಒಂದಾಗಂಗೆ ಅತ್ತೆ. ಆರು ವರ್ಷದ ಕೋಣ. ನಿಮ್ಮಜ್ಜಿ ಸಾಕಾಗಿ ಕೂತ್ಕೋ ಅಂದ್ರು. ಕಾಲು ಎರಡೂ ಹೊರಗ. ನಾನು ಎತ್ತಾಕ ಹೋದೆ, ಮೊರದ ಅಂಚು ಮುರೀತು."

ಹಾಗಾದರೆ ನನ್ನ ನೆನಪು ಸುಳ್ಳಲ್ಲ, ನಿಜವೂ ಅಲ್ಲ. ಗೋಡೆಯನ್ನು ಯಾವುದೋ ಬೇರೆ ಮನೆಯಿಂದ ತಂದಿದ್ದೆ, ಬಳೆಗಳನ್ನು ಯಾವುದೋ ಬೇರೆ ಕೈಯಿಂದ. ಅವರ ಬೆರಳಿನ ಹೊಗೆಸೊಪ್ಪಿನ ವಾಸನೆಯನ್ನು ಮಾತ್ರ ಬಿಟ್ಟು ಬಂದಿದ್ದೆ. ಅವರ ನೆನಪಾದರೂ ಸರಿ ಇದೆ ಎನ್ನುವುದಕ್ಕೆ ಏನು ಆಧಾರ ಎಂಬ ಪ್ರಶ್ನೆ ಅಲ್ಲೇ ಎದ್ದಿತು. ಅದನ್ನು ಚಹಾದ ಜೊತೆ ನುಂಗಿದೆ.

ಹಿಂದಿನ ರಾತ್ರಿ ಎಷ್ಟು ಕೇಳಿದರೂ ಅವ್ವ ಸಹಿ ಹಾಕಲು ಒಪ್ಪಲಿಲ್ಲ ಎಂದು ಹೇಳಿದೆ. ಖಾಲಾ ಚಹಾದ ಲೋಟ ಕೆಳಗಿಟ್ಟರು.

"ನನ್ನ ಮಕ್ಕಳ ರಕ್ತ ಆಗಲ್ಲೇನು? ಹಾಲು ಕುಡಿದಾಳೆ."

"ಆಗಲ್ಲ ಖಾಲಾ. ಹೊರಗಿನವರದು ಹೊಂದೋದು ಬಾಳ ಅಪರೂಪ."

"ಹಂಗಾದ್ರೆ ನನ್ನ ಹತ್ರ ಇಟ್ಕೊಂಡು ಏನು ಮಾಡ್ಲಿ? ವಾಪಸ್ ಕೊಡ್ತೀನಿ. ನಿಮ್ಮವ್ವಗ ಹೇಳು, ತೌಡು ತಯಾರಿಟ್ಕೋ ಅಂತ. ಶುಕ್ರವಾರ ನಮಾಜ್ ಆದ್ಮೇಲೆ ಮಗ ಕರ್ಕೊಂಡು ಬರ್ತಾನೆ."

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ಶುಕ್ರವಾರ ಬೆಳಿಗ್ಗೆ ಮಂಡಿಪೇಟೆಯಲ್ಲಿ ತೌಡು ಹುಡುಕುತ್ತಿದ್ದೆ.

"ಎಷ್ಟು ಚೀಲ?" ಅಂಗಡಿಯವನು ಕೇಳಿದ.

"ಒಂದು ಮೊರದಷ್ಟು."

"ಎಷ್ಟು ದನ ಅದಾವೆ?"

"ದನ ಇಲ್ಲ."

ಅವನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ನನ್ನ ಮುಖ, ಚಪ್ಪಲಿ, ಬ್ಯಾಗು ನೋಡಿದ. "ಶುಗರ್ ಐತೇನ್ರೀ? ಈಗ ಡಾಕ್ಟ್ರು ಇದನ್ನೂ ತಿನ್ನಿಸ್ತಾರೇನು?" ಆಮೇಲೆ ಒಡೆದ ಚೀಲದಿಂದ ಒಂದು ಪೊಟ್ಟಣ ಕಟ್ಟಿ ಹಾಗೇ ಕೊಟ್ಟ, ದುಡ್ಡು ಬೇಡವೆಂದ.

ಆ ಪೊಟ್ಟಣ ಸ್ಕೂಟರಿನ ಮುಂದೆ ಇಟ್ಟುಕೊಂಡಾಗಿನಿಂದ ಹೊಸ ಭಯ ಹಿಡಿಯಿತು. ತೌಡಿನ ಧೂಳಿನಲ್ಲಿ ಬೂಷ್ಟಿನ ಬೀಜಾಣು ಇರುತ್ತದೆ. ನಮ್ಮಂಥವರು ಸೀನಿ ಮರೆಯುವ ಆ ಬೂಷ್ಟು ತಂಗಿಯ ಶ್ವಾಸಕೋಶಕ್ಕೆ ಇಳಿದರೆ ಮಜ್ಜೆಯ ಮಾತೇ ಬೇಡ. ವಾರ್ಡಿನ ಕಟ್ಟಡದ ಹತ್ತಿರವೂ ಅದು ಹೋಗಕೂಡದು. ಹಾಗಾಗಿ ಆಸ್ಪತ್ರೆಯ ಗೇಟಿನ ಹೊರಗೆ, ಗಾಡಿ ನಿಲ್ಲಿಸುವ ಕಡೆ ಬೇವಿನ ಮರದ ಕೆಳಗೆ ಜಾಗ ಗೊತ್ತು ಮಾಡಿದೆ. ಗಾಳಿ ಯಾವ ಕಡೆಗಿದೆ ಎಂದು ಕೈಯೆತ್ತಿ ನೋಡಿದೆ.

ಅವ್ವ ಬರುತ್ತಾಳೆಂದು ನನಗೆ ನಂಬಿಕೆ ಇರಲಿಲ್ಲ. ಖಾಲಾ ಬರುತ್ತಿದ್ದಾರೆ ಎಂದು ಮಾತ್ರ ಹೇಳಿದ್ದೆ. ಅವಳು ಅಟ್ಟದಿಂದ ಮೊರ ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮಾತಿಲ್ಲದೆ ಆಟೋ ಹತ್ತಿದಳು.

ಇಬ್ಬರೂ ಮರದ ಕಟ್ಟೆಯ ಮೇಲೆ ಕೂತರು. ಖಾಲಾನ ಮಗ ಗಾಡಿಯ ಹತ್ತಿರ ನಿಂತ. ನಾನು ಗಡಿಯಾರ ನೋಡುತ್ತಿದ್ದೆ. ದಾಖಲೆಯ ಕೋಣೆ ಐದಕ್ಕೆ ಮುಚ್ಚುತ್ತಿತ್ತು.

"ಮೂವತ್ತಾರು ವರ್ಷ ನೀನು ನನ್ನ ಮಗಳನ್ನ ನೋಡ್ಕೊಂಡೆ," ಖಾಲಾ ಅಂದರು. "ಓದಿಸಿದೆ, ಮದುವಿ ಮಾಡಿದೆ. ಇನ್ನ ನಿನ್ನ ಮಗಳನ್ನ ನೀನು ತಗೋ."

"ತಗೊಂಡ ಮೇಲೆ ಏನರ ಆದ್ರೆ?" ಅವ್ವನ ದನಿ ಸಣ್ಣದಾಗಿತ್ತು. "ಎರಡು ಹೋದವು ನನ್ನವು ಅಂದಿದ್ದಕ್ಕ."

"ಈಗ ನನ್ನ ಹೆಸರಿನ ಮೇಲೆ ಇದ್ದು ಏನು ಸುಖ ಕಂಡ್ಲು? ಅಣ್ಣ ಕೊಡ್ಬೇಕಂದ್ರೆ ತಂಗಿ ಆಗ್ಬೇಕು. ಅವನಿಗೆ ತಂಗಿ ಆಗ್ಬೇಕಂದ್ರೆ ನಿನಗ ಮಗಳಾಗ್ಬೇಕು. ನಾನು ಎಲ್ಲಿಗೂ ಹೋಗಲ್ಲ. ಹೇಳಾಕ ಹೆದರಿಕಿ ಆದ್ರೆ ಮೆತ್ತಗೆ ಹೇಳು."

ನಾನು ಮೂರು ದಿನದಿಂದ ಅವ್ವನಿಗೆ ಟಿ ಕೋಶ, ಹಿಡಿಕೆ, ನಾಲ್ಕರಲ್ಲಿ ಒಂದು ಎಲ್ಲವನ್ನೂ ಹೇಳಿದ್ದೆ. ಅದರಲ್ಲಿ ಯಾವುದೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ಅವ್ವ ತೌಡನ್ನು ಮೊರಕ್ಕೆ ಸುರಿದು ಖಾಲಾನ ಮಡಿಲಿಗೆ ಇಟ್ಟಳು. ಖಾಲಾ ಒಂದು ಹಿಡಿ ತೆಗೆದು ಮೂಸಿ "ನಮ್ಮದು ಇದಕ್ಕಿಂತ ಚಲೋ ಇತ್ತು" ಅಂದರು. ಮೊರದಲ್ಲಿ ಮಲಗಿಸಲು ಕೂಸಿರಲಿಲ್ಲ. ಇಬ್ಬರೂ ಒಂದು ಕ್ಷಣ ನಾಲ್ಕನೇ ಮಹಡಿಯ ಕಿಟಕಿಗಳನ್ನು ನೋಡಿದರು. ಯಾವ ಕಿಟಕಿಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹೇಳಲಿಲ್ಲ.

ಆಮೇಲೆ ನಾನು ಇಬ್ಬರ ಕೈಯನ್ನೂ ನಲ್ಲಿಯ ಕೆಳಗೆ ಸೋಪು ಹಾಕಿ ತೊಳೆಸಿದೆ. ಅವ್ವನ ಸೆರಗು ಕೊಡವಿದೆ, ಇನ್ನೊಮ್ಮೆ ಕೊಡವಿದೆ. "ಇವನಿಗೆ ಏನು ದೆವ್ವ ಹೊಕ್ಕೈತೆ" ಎಂದು ಖಾಲಾ ಮಗನನ್ನು ಕೇಳಿದರು. ಮೊರ, ಉಳಿದ ತೌಡು ಎರಡನ್ನೂ ಅವರ ಜೊತೆಗೇ ಹರಿಹರಕ್ಕೆ ಕಳಿಸಿದೆ.

ಐದಕ್ಕೆ ಹತ್ತು ನಿಮಿಷ ಇರುವಾಗ ಅವ್ವ ದಾಖಲೆಯ ಕೋಣೆಯಲ್ಲಿ ಕೂತಳು. ಆ ಹುಡುಗಿ ಬರೆದ ಸಾಲನ್ನು ಓದಿ ಹೇಳಿದಳು: ಇಬ್ಬರೂ ನನ್ನ ಮಕ್ಕಳು. ಅವ್ವ ಬಾಗಿಲ ಕಡೆ ನೋಡಿದಳು. ನಾನು ಎದ್ದು ಬಾಗಿಲು ಹಾಕಿದೆ. ಸಹಿ ಮಾಡಲು ಬಹಳ ಹೊತ್ತು ತೆಗೆದುಕೊಂಡಳು. ಅವಳ ಮುಖವನ್ನೇ ನೋಡುತ್ತಿದ್ದೆ, ಸುಳ್ಳು ಹೇಳುವವರ ಮುಖವೋ ನಿಜ ಹೇಳುವವರ ಮುಖವೋ ಎಂದು. ಅಲ್ಲಿ ಕಂಡದ್ದು ಬರೀ ಹೆದರಿಕೆ. ಇದರಿಂದ ಏನೂ ತೀರ್ಮಾನ ಮಾಡಲಾಗುವುದಿಲ್ಲ ಎಂದು ನನ್ನ ಹಾಜರಿ ಪುಸ್ತಕದಲ್ಲಿ ಬರೆದಿದೆ.

ನಮ್ಮಿಬ್ಬರ ರಕ್ತ ಶನಿವಾರ ಹೋಯಿತು. ಉತ್ತರ ಬರುವಷ್ಟರಲ್ಲಿ ಚೀಲ ಒಂಬತ್ತಾಗಿತ್ತು. ಆ ದಿನಗಳಲ್ಲಿ ಅವ್ವ ಆಸ್ಪತ್ರೆಗೆ ಕಾಲಿಡಲಿಲ್ಲ. ಅರ್ಧ ಹೊಂದಿದರೆ ಏನು, ಏನೂ ಹೊಂದದಿದ್ದರೆ ಏನು ಎಂದು ನಾನು ಕಾಗದದಲ್ಲಿ ಚೌಕ ಹಾಕಿ ನೋಡುತ್ತಿದ್ದೆ. ಏನೂ ಹೊಂದದಿದ್ದರೂ ಅವಳು ತಂಗಿಯಲ್ಲ ಎಂದಾಗುವುದಿಲ್ಲ, ಅದೂ ನಾಲ್ಕರಲ್ಲಿ ಒಂದೇ. ಗೊತ್ತಿದ್ದರೂ ನಿದ್ದೆಗೆ ಅದು ಸಾಕಾಗಲಿಲ್ಲ.

ಎರಡು ಅರ್ಧವೂ ಹೊಂದಿತು. ಡಾಕ್ಟರು ಕಾಗದವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಎರಡು ಸಾಲು ಅಂಕಿಗಳು, ಮೇಲಿನದೂ ಕೆಳಗಿನದೂ ಒಂದೇ. ನಾನು ಬೆರಳಿಟ್ಟು ಒಂದೊಂದನ್ನೇ ಓದಿದೆ. ಹೆಸರು ಅದಲು ಬದಲಾಗಿಲ್ಲವೇ, ಒಬ್ಬರದನ್ನೇ ಎರಡು ಸಲ ಅಚ್ಚು ಹಾಕಿಲ್ಲವೇ ಎಂದು ಕೇಳಿದೆ. ಅವರು ತಾಳ್ಮೆಯಿಂದ ಇಲ್ಲವೆಂದರು. ಇನ್ನು ಭಯ ಎದುರು ದಿಕ್ಕಿನಿಂದ ಬರುತ್ತದೆ ಎಂದೂ ಹೇಳಿದರು. ಇಷ್ಟು ದಿನ ಅವಳ ಕೋಶಗಳು ಅವಳನ್ನೇ ತಿಂದವು. ಅವನ್ನು ಔಷಧಿಯಿಂದ ತೆಗೆದುಹಾಕಿ ನನ್ನವನ್ನು ಒಳಗೆ ಬಿಡುತ್ತಾರೆ. ನನ್ನವು ಅವಳ ಚರ್ಮ, ಕರುಳು, ಯಕೃತ್ತು ಎಲ್ಲವನ್ನೂ ಮುಟ್ಟಿ ನೋಡುತ್ತವೆ. ಗುರುತಿನ ಹಿಡಿಕೆ ಒಂದೇ ಆದರೂ ಅದರಲ್ಲಿ ಸಿಕ್ಕಿಸಿದ ಚೂರುಗಳೆಲ್ಲ ಒಂದೇ ಅಲ್ಲ. ನನ್ನದೇ ಕೋಶಗಳು ತಂಗಿಯನ್ನು ಹೊರಗಿನವಳು ಎಂದುಕೊಳ್ಳಬಹುದು.

ಕಸಿ ಮಾಡಿದ್ದು ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ. ಇದನ್ನು ಬರೆಯುವಾಗ ಎಂಟು ತಿಂಗಳಾಗಿದೆ. ತಂಗಿ ಹರಿಹರದಲ್ಲಿದ್ದಾಳೆ, ಶಾಲೆಗೆ ಇನ್ನೂ ಹೋಗುವ ಹಾಗಿಲ್ಲ. ರಕ್ತಕಣಗಳ ಎಣಿಕೆ ಇಳಿಯದೆ ಸ್ಥಿರವಾಗಿ ನಿಂತಿದೆ. ಅವಳ ರಕ್ತದ ಗುಂಪು ಬದಲಾಗಿ ನನ್ನದಾಗಿದೆ. ಚಿಕ್ಕಂದಿನಲ್ಲಿ ಹಾಕಿಸಿದ ಚುಚ್ಚುಮದ್ದುಗಳನ್ನು ಅವಳ ದೇಹ ಮರೆಯುತ್ತದೆ, ಕೂಸಿಗೆ ಹಾಕುವಂತೆ ಮೊದಲಿಂದ ಹಾಕಿಸಬೇಕು ಎಂದು ಪಟ್ಟಿ ಕೊಟ್ಟಿದ್ದಾರೆ. ಮೂರನೇ ತಿಂಗಳಲ್ಲಿ ಅಂಗೈ ಮೇಲೆ ಕೆಂಪು ದದ್ದು ಬಂದು, ಮಾತ್ರೆಗೆ ಹೋಯಿತು. ಅಂದಿನಿಂದ ನಾನು ಪ್ರತಿ ಭಾನುವಾರ ಹೋಗುತ್ತೇನೆ. ಬಾಗಿಲಲ್ಲಿ ನನ್ನನ್ನು ಕಂಡರೆ ಅವಳು ಮೊದಲು ಎರಡೂ ಅಂಗೈ ಚಾಚುತ್ತಾಳೆ. "ನೋಡ್ಕೋಪ್ಪ, ಆಮೇಲೆ ಚಪ್ಪಲಿ ಬಿಡು" ಅನ್ನುತ್ತಾಳೆ. ನಾನು ಬೆಳಕಿಗೆ ತಿರುಗಿಸಿ ನೋಡುತ್ತೇನೆ. ಕೆಂಪಿಲ್ಲದಿದ್ದರೂ ಕೆಂಪಿದೆ ಅನಿಸುತ್ತದೆ. ಫೋಟೊ ತೆಗೆದಿಟ್ಟುಕೊಳ್ಳುತ್ತೇನೆ, ಹಿಂದಿನ ವಾರ ಹೇಗಿತ್ತೆಂದು ನನ್ನ ನೆನಪನ್ನು ಕೇಳುವುದಕ್ಕಿಂತ ಅದು ಮೇಲು.

ಹಾಜರಿ ಪುಸ್ತಕದ ಆ ಹಾಳೆಯಲ್ಲಿ ಇನ್ನೊಂದು ಟಿಪ್ಪಣಿ ಇದೆ. ಅದು ಕಸಿಗೆ ಮೊದಲಿನದು. ಮಜ್ಜೆ ಕೊಡಲು ನಾನು ಯೋಗ್ಯನೋ ಎಂದು ಪರೀಕ್ಷಿಸಲು ದಾವಣಗೆರೆಯ ಆಸ್ಪತ್ರೆಯಲ್ಲೇ ಒಂದು ದಿನ ಸೇರಿಸಿಕೊಂಡಿದ್ದರು. ಅವ್ವ ಜೊತೆಗೆ ಬರುತ್ತೇನೆಂದು ಹಟ ಹಿಡಿದು ಬಂದಿದ್ದಳು. ನನ್ನನ್ನು ಮಂಚದ ಮೇಲೆ ಮಲಗಿಸಿ ಎದೆಗೆ ತಂತಿ ಅಂಟಿಸಿ ಕೈಗೆ ಸೂಜಿ ಹಾಕಿದರು. ಅವ್ವ ಬಾಗಿಲ ಹತ್ತಿರದ ಬೆಂಚಿನಲ್ಲಿದ್ದಳು. ಸೂಜಿ ಕಂಡು ಅವಳ ಮುಖ ಬಿಗಿಯಾದದ್ದು ನನಗೆ ಕಂಡಿತು.

ನರ್ಸು ರಕ್ತ ಎಳೆಯುತ್ತಾ ವಿಚಾರಿಸಿದಳು. "ಅಜ್ಜಿ, ಇವರು ನಿಮ್ಮ ಮಗನೇನ್ರೀ?"

"ಅಲ್ಲಮ್ಮ," ಅವ್ವ ಅಂದಳು. "ನಮ್ಮ ಪಕ್ಕದ ಮನೆಯೋರು. ಪಾಪ, ಒಳ್ಳೆಯೋರು, ಸಹಾಯಕ್ಕ ಬಂದಾರೆ."

ನರ್ಸು ನನ್ನ ಕಡೆ ನೋಡಿದಳು. ತಂತಿಗಳಿದ್ದುದರಿಂದ ಏಳುವ ಹಾಗಿರಲಿಲ್ಲ.

"ಸಂಬಂಧದ ಫಾರಂ ಫೈಲಿನಲ್ಲಿ ಇದೆಯಲ್ಲ? ಸಹಿ ಆಗಿರೋದು?"

ಅವಳು ಹಾಳೆ ತಿರುವಿದಳು. "ಇದೆ ಸರ್."

"ಹಾಗಾದ್ರೆ ಅವರು ಹೇಳಿದ್ದು ಸರಿ," ಅಂದೆ. "ನಾನು ಪಕ್ಕದ ಮನೆಯವನು."